ಅಲ್ಜಾಸ್ ವೈನ್ ಕೊಳ್ಳುವ ಮುಂಚೆ ಸಕ್ಕರೆ ವಿಚಾರಿಸಿ

ಹೋದ ಅಕ್ಟೋಬರಿನಲ್ಲಿ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ನಮ್ಮ ಮನೆಗೆ ಊಟಕ್ಕೆ ಬಂದ. ಫ್ರಾನ್ಸಿನ ಪೂರ್ವ ಗಡಿಯಲ್ಲಿರುವ ಅಲ್ಜಾಸ್ ಸೀಮೆಯ ಸ್ಟ್ರಾಸ್‌ಬೂರ್ಗ್‌ಗೆ ಬಂದು ಮೂರು ತಿಂಗಳಾಗಿತ್ತು ಅಷ್ಟೆ. ಕೈಯಲ್ಲಿ ಉದ್ದ ಕತ್ತಿನ ಹಸಿರು ಬಾಟಲಿ. "ಆರು ತಗೊಂಡೆ, ಡಿಸ್ಕೌಂಟ್ ಇತ್ತು" ಅಂದ. ಲೇಬಲ್ ನೋಡಿದೆ, ಪಿನೋ ಗ್ರೀ ಅನ್ನೋ ದ್ರಾಕ್ಷಿ ತಳಿಯ ವೈನ್. ಹಿಂದೆ ತಿರುಗಿಸಿದೆ, ಸಿಹಿ ಅಂತಿತ್ತು. ನಗು ಬಂತು, ಪಾಪ ಅಂತಲೂ ಅನ್ನಿಸಿತು. ಎಂಟು ವರ್ಷದ ಹಿಂದೆ ನಾನು ಇದೇ ಕೆಲಸ ಮಾಡಿದ್ದೆ. ಆರಲ್ಲ, ಹನ್ನೆರಡು ಬಾಟಲಿ.

ಅವನಿಗಿಂತ ಮುಂಚೆ ಇನ್ನಿಬ್ಬರು ಹೀಗೇ ಮಾಡಿದ್ದರು. ಅದಕ್ಕೇ ಈ ಸರ್ತಿ ಬರೆದೇ ಬಿಡೋಣ ಅಂತ ಕೂತೆ. ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು, ಲೋಟ ಹಿಡಿಯುವ ಬಗೆ ಇವೆಲ್ಲ ನಿಮಗೆ ಗೊತ್ತು. ಅದರ ತಂಟೆಗೆ ಹೋಗಲ್ಲ.

ಮೊದಲು ಒಳ್ಳೆಯ ಸುದ್ದಿ. ಫ್ರಾನ್ಸಿನಲ್ಲಿ ಹೊಸಬರಿಗೆ ಅರ್ಥವಾಗುವಂಥ ಲೇಬಲ್ ಅಂದರೆ ಅಲ್ಜಾಸಿನದ್ದೇ. ಬರ್ಗಂಡಿ ಸೀಮೆಯ ಬಾಟಲಿಯ ಮೇಲೆ ಸಾಮಾನ್ಯವಾಗಿ ಊರ ಹೆಸರು ಮಾತ್ರ ಇರುತ್ತದೆ, ದ್ರಾಕ್ಷಿ ಯಾವುದು ಅಂತ ನೀವೇ ತಿಳಿದಿರಬೇಕು. ಬಾಟಲಿಯ ಮೇಲೆ 'ಮಂಡ್ಯ' ಅಂತ ಬರೆದು, ಒಳಗಿರೋದು ಕಬ್ಬಿನ ಹಾಲು, ಅಷ್ಟೂ ಗೊತ್ತಿಲ್ವಾ ಅಂದಹಾಗೆ! ಇಲ್ಲಿ ಹಾಗಲ್ಲ, ತಳಿಯ ಹೆಸರೇ ಇರುತ್ತದೆ. ರೀಸ್ಲಿಂಗ್ ಅಂದರೆ ರೀಸ್ಲಿಂಗ್, ನೂರಕ್ಕೆ ನೂರು. ಪಿನೋ ಬ್ಲಾಂ ಒಂದೇ ಕಳ್ಳ. ಅದರೊಳಗೆ ಓಸೆರ್ವಾ ಅನ್ನೋ ಇನ್ನೊಂದು ತಳಿ ಎಷ್ಟು ಬೇಕಾದರೂ ಇರಬಹುದು, ನಿಯಮವೇ ಹಾಗಿದೆ. ಎಡೆಲ್‌ಟ್ಸ್ವಿಕರ್ ಅಂತ ಕಂಡರೆ ಅದು ಹಲವು ತಳಿಗಳ ಮಿಶ್ರಣ. ಅಗ್ಗ, ದಿನದ ಊಟಕ್ಕೆ ಸಾಕು.

ಈಗ ಹಳ್ಳದ ವಿಷಯ. ಲೇಬಲ್ ತಳಿ ಹೇಳುತ್ತಿತ್ತೇ ಹೊರತು, ವೈನ್ ಸಿಹಿಯೋ ಅಲ್ಲವೋ ಅಂತ ಹೇಳುತ್ತಿರಲಿಲ್ಲ.

ಕಾರಣ ಇಲ್ಲಿನ ಹವೆಯಲ್ಲೇ ಇದೆ. ಪಶ್ಚಿಮದಿಂದ ಬರುವ ಮೋಡ ವೋಜ್ ಬೆಟ್ಟಗಳ ಆಚೆ ಬದಿಗೇ ಸುರಿದು ಹಗುರಾಗುತ್ತದೆ. ಆಗುಂಬೆಯಲ್ಲಿ ಸುರಿದ ಮಳೆ ಚಿತ್ರದುರ್ಗಕ್ಕೆ ಬರುವಷ್ಟರಲ್ಲಿ ಮುಗಿದುಹೋಗುವ ಕತೆಯೇ. ಕೊಲ್ಮಾರ್ ಊರಿಗೆ ವರ್ಷಕ್ಕೆ 600 ಮಿ.ಮೀ ಆಸುಪಾಸು ಮಳೆ, ಫ್ರಾನ್ಸಿನ ಒಣ ಊರುಗಳಲ್ಲಿ ಅದೂ ಒಂದು. ಶರತ್ಕಾಲ ಒಣಗಿದ್ದರೆ ದ್ರಾಕ್ಷಿ ಬಳ್ಳಿಯಲ್ಲೇ ಚೆನ್ನಾಗಿ ಹಣ್ಣಾಗುತ್ತದೆ. ಪಿನೋ ಗ್ರೀ ಮತ್ತು ಗೆವುರ್ಟ್ಸ್‌ಟ್ರಾಮಿನರ್ ಅಂತೂ ಸಕ್ಕರೆಯನ್ನು ಗುಡ್ಡೆ ಹಾಕಿಕೊಳ್ಳುತ್ತವೆ. ಈಸ್ಟ್ ಅದರಲ್ಲಿ ಅರ್ಧಂಬರ್ಧ ತಿಂದು ಸುಸ್ತಾಗುತ್ತದೆ, ಇಲ್ಲಾ ಮಾಲೀಕನೇ ನಿಲ್ಲಿಸುತ್ತಾನೆ. ಉಳಿದ ಸಕ್ಕರೆ ಬಾಟಲಿಗೆ. ಹಾಗಾಗಿ ಒಂದೇ ಬೀದಿಯ ಇಬ್ಬರು ಮಾಡಿದ ಪಿನೋ ಗ್ರೀಗಳಲ್ಲಿ ಒಂದು ಒಣ, ಅಂದರೆ ಸಿಹಿ ಇಲ್ಲದ್ದು, ಇನ್ನೊಂದು ಪಾನಕ.

ನನ್ನ ಕತೆ ಕೇಳಿ. ಕೊಲ್ಮಾರ್ ಹತ್ತಿರದ ಹಳ್ಳಿಯೊಂದರ ನೆಲಮಾಳಿಗೆಯಲ್ಲಿ ನಾಲ್ಕು ವೈನ್ ರುಚಿ ನೋಡಿದೆ. ಮೊದಲ ಮೂರು ಹುಳಿ ಹುಳಿ. ನಾಲ್ಕನೆಯದು ಬಾಯಿಗೆ ಜೇನು ಸವರಿದಂತೆ ಇತ್ತು. ಅಲ್ಲಿದ್ದ ಹೆಂಗಸು ಇದು 'ರೋಂ' ಅಂದರು. ರೋಂ ಅಂದರೆ ದುಂಡಗೆ. ದುಂಡಗಿನ ವೈನ್ ಅಂದರೇನು ಅಂತ ಕೇಳೋಕೆ ನಾಚಿಕೆ. ತಲೆಯಾಡಿಸಿ ಹನ್ನೆರಡು ಕಟ್ಟಿಸಿಕೊಂಡೆ. ಬಾಟಲಿಗೆ 14 ಯೂರೋ, ಒಟ್ಟು 168. ಆ ಶನಿವಾರ ಆಫೀಸಿನ ಆರು ಜನ ಊಟಕ್ಕೆ. ವಾಂಗಿಬಾತು, ಕೋಸಂಬರಿ, ಕೋಳಿ ಸಾರು. ಎಲ್ಲರೂ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಯಾರೂ ಏನೂ ಅನ್ನಲಿಲ್ಲ. ಒಬ್ಬ ಮಾತ್ರ ತುಂಬಾ ಮರ್ಯಾದೆಯಿಂದ, "ಆಮೇಲೆ ಚೀಸ್ ಇದೆಯಾ?" ಅಂದ. ಇಲ್ಲಿನವರ ಬಾಯಲ್ಲಿ ಅದರ ಅರ್ಥ: ಇದು ಊಟದ ಕೊನೆಯ ವೈನ್, ಈಗ್ಯಾಕೆ ಸುರಿದೆ? ನನಗೆ ಅದು ಹೊಳೆದದ್ದು ಮಾರನೇ ದಿನ. ಉಳಿದ ಒಂಬತ್ತು ಬಾಟಲಿ ಖಾಲಿ ಮಾಡೋಕೆ ಎರಡು ವರ್ಷ ಬೇಕಾಯಿತು.

ಆ ಹೆಂಗಸು ಮೋಸ ಮಾಡಲಿಲ್ಲ. ಅವರ ಭಾಷೆಯಲ್ಲಿ ಅವರು ಸರಿಯಾಗಿಯೇ ಹೇಳಿದ್ದರು. ರೋಂ, ಜೆನೆರೋ, ಗೂರ್ಮಾಂ ಇಂಥ ಪದ ಕಿವಿಗೆ ಬಿದ್ದರೆ ಸಕ್ಕರೆ ಇರಬಹುದು ಅಂತ ಅನುಮಾನ ಪಡಿ. 'ಫ್ರ್ವಿತೆ' ಬೇರೆ, ಅದು ಹಣ್ಣಿನ ಘಮ, ಸಿಹಿಯೇ ಇರಬೇಕೆಂದಿಲ್ಲ. ನಾಚಿಕೊಳ್ಳದೆ ಒಂದೇ ಪ್ರಶ್ನೆ ಕೇಳಿ: "ಕೊಂಬ್ಯಾಂ ದ ಸುಕ್ರ್ ರೆಸಿದ್ಯುಯೆಲ್?" ಉಳಿದ ಸಕ್ಕರೆ ಎಷ್ಟು ಅಂತ. ಬೆಳೆಗಾರನ ನಾಲಿಗೆ ತುದಿಯಲ್ಲೇ ಇರುತ್ತದೆ, ಲೀಟರಿಗೆ ಇಷ್ಟು ಗ್ರಾಂ ಅಂತ ಹೇಳುತ್ತಾನೆ.

2021ರ ಬೆಳೆಯಿಂದ ಈಚೆಗೆ ಲೇಬಲ್ ಮೇಲೆ ಸಿಹಿ ಎಷ್ಟು ಅಂತ ತೋರಿಸುವುದು ಕಡ್ಡಾಯ. ಪದ ಇರುತ್ತದೆ, ಇಲ್ಲಾ ಬಾಣದ ಗುರುತಿರೋ ಪಟ್ಟಿ. ಸೆಕ್ ಅಂದರೆ ಒಣ, ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂ ಒಳಗೆ. ಹುಳಿ ಜಾಸ್ತಿ ಇದ್ದರೆ 9ರವರೆಗೂ ಸೆಕ್ ಅನ್ನಬಹುದು. ಆಮೇಲೆ 12 ಗ್ರಾಂವರೆಗೆ ದೆಮಿ ಸೆಕ್. 12ರಿಂದ 45 ಮ್ವಾಲ್ಲೊ. 45 ದಾಟಿದರೆ ದೂ. ಮ್ವಾಲ್ಲೊ ಬರೆಯುವಾಗ ಎಂ, ಒ, ಇ ಅಂತ ಶುರುವಾಗುತ್ತದೆ, ಕಣ್ಣಿಗೆ ಅಷ್ಟು ಸಿಕ್ಕಿದರೆ ಸಾಕು. ಲೆಕ್ಕ ಹಾಕಿ ನೋಡಿ: ಲೀಟರಿಗೆ 40 ಗ್ರಾಂ ಇದ್ದರೆ 125 ಮಿ.ಲೀ ಲೋಟದಲ್ಲಿ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಜಾಸ್ತಿ. ಕಾಫಿಗೆ ಸಕ್ಕರೆ ಬೇಡ ಅನ್ನೋ ಡಯಾಬಿಟಿಸ್‌ನವರು ಇದನ್ನು ಆರಾಮಾಗಿ ಕುಡೀತಾ ಕೂತಿದ್ದನ್ನು ನೋಡಿದ್ದೇನೆ.

ಎಚ್ಚರಿಕೆ ಎರಡು. ಹಳೆಯ ವರ್ಷದ ಬಾಟಲಿಗಳಿಗೆ ಈ ನಿಯಮ ಇಲ್ಲ, ಡಿಸ್ಕೌಂಟಿನಲ್ಲಿ ಬರುವವು ಎಷ್ಟೋ ಸಲ ಅವೇ. ಇನ್ನೊಂದು, ಪದ ಹಿಂದಿನ ಲೇಬಲಿನಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ. ಹುಬ್ಬಳ್ಳಿ ಹುಡುಗ ಬಿದ್ದದ್ದು ಅಲ್ಲೇ. ನನ್ನನ್ನು ಕೇಳಿದರೆ ಈ ವಿಷಯದಲ್ಲಿ ಜರ್ಮನ್ನರೇ ಮೇಲು. ಸ್ಟ್ರಾಸ್‌ಬೂರ್ಗ್‌ನಲ್ಲಿ ಟ್ರಾಮ್ ಹತ್ತಿ ರೈನ್ ನದಿ ದಾಟಿದರೆ ಕೇಲ್. ಅಲ್ಲಿನ ಅಂಗಡಿಯಲ್ಲಿ ಬಾಟಲಿಯ ಎದೆ ಮೇಲೇ 'ಟ್ರೊಕನ್', ಒಣ, ಅಂತ ಬರೆದಿರುತ್ತದೆ. ಅಲ್ಜಾಸಿನವರು ಇಷ್ಟು ಕಲಿಯೋಕೆ ಯಾಕಿಷ್ಟು ತಡ ಮಾಡಿದರೋ!

ಸಿಹಿ ವೈನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವಾಂದಾಂಜ್ ತಾರ್ದೀವ್ ಅಂತ ಬರೆದಿದ್ದರೆ ತಡವಾಗಿ ಕೊಯ್ದ ಹಣ್ಣಿನದ್ದು. ಗ್ರ್ಯಾಂ ನೋಬ್ಲ್ ಅಂತ ಇದ್ದರೆ ಬೂಸ್ಟು ಹಿಡಿದು ಒಣಗಿದ ದ್ರಾಕ್ಷಿಗಳನ್ನೇ ಆರಿಸಿ ಮಾಡಿದ್ದು. ಎರಡೂ ದುಬಾರಿ, ಎರಡೂ ಸಿಹಿ, ಎರಡಕ್ಕೂ 1984ರಿಂದ ಬಿಗಿ ನಿಯಮ ಇದೆ. ಗೊತ್ತಿದ್ದು ಕೊಂಡರೆ ಸುಖ.

ನಮ್ಮ ಅಡುಗೆಗೆ ಯಾವುದು? ಭಾರತದ ಊಟಕ್ಕೆ ಗೆವುರ್ಟ್ಸ್‌ಟ್ರಾಮಿನರ್ ಅಂತ ಇಲ್ಲಿ ಎಲ್ಲರೂ ಕಣ್ಣು ಮುಚ್ಚಿ ಹೇಳುತ್ತಾರೆ. ಅರ್ಧ ಸತ್ಯ. ಅದರ ಗುಲಾಬಿ, ಲಿಚಿ ಘಮ ಕೋರಿ ಗಸ್ಸಿಗೆ ಒಗ್ಗುತ್ತದೆ, ಸ್ವಲ್ಪ ಸಿಹಿ ಇದ್ದರೆ ಬ್ಯಾಡಗಿ ಮೆಣಸಿನ ಉರಿಯೂ ತಣಿಯುತ್ತದೆ. ಹುಣಸೆ ಹುಳಿ ಇರೋ ಸಾರಿನ ಪಕ್ಕ ಮಾತ್ರ ಸಪ್ಪೆ. ಅಲ್ಲಿ ನನ್ನ ಓಟು ಒಣ ರೀಸ್ಲಿಂಗಿಗೆ. ಮೀನು ಫ್ರೈ ಮೇಲೆ ನಿಂಬೆ ಹಿಂಡಿದಂತೆ ಕೆಲಸ ಮಾಡುತ್ತದೆ. ಚಿತ್ರಾನ್ನ, ಮೊಸರನ್ನದ ದಿನಕ್ಕೆ ಬಡವರ ಬಂಧು ಸಿಲ್ವಾನರ್. ಗೆವುರ್ಟ್ಸ್‌ನ ನಿಜವಾದ ಗೆಳೆಯ ಮನ್ಸ್ಟರ್ ಚೀಸ್, ಅದರ ಮೇಲೆ ಜೀರಿಗೆ ಥರದ ಕಾಳು ಉದುರಿಸಿ ಕೊಡುತ್ತಾರೆ. ವಾಸನೆ ತಡೆಯೋಕೆ ಧೈರ್ಯ ಬೇಕು.

ಗ್ರಾಂ ಕ್ರೂ, ಅಂದರೆ ಮೇಲ್ದರ್ಜೆಯವು ಅಂತ ಗುರುತಿಸಿದ 51 ಹೊಲಗಳಿವೆ. ಮೊದಲ ವರ್ಷ ಅದಕ್ಕೆ ದುಡ್ಡು ಸುರಿಯಬೇಡಿ. ಹಬ್ಬಕ್ಕೆ ಗುಳ್ಳೆ ಬೇಕಾದರೆ ಕ್ರೆಮಾಂ ತನ್ನಿ, ಶಾಂಪೇನ್ ಮಾಡುವ ವಿಧಾನವೇ, ಬೆಲೆ ಎಷ್ಟೋ ಕಡಿಮೆ. ಹಳ್ಳಿ ಹಳ್ಳಿ ಸುತ್ತಿ ರುಚಿ ನೋಡುವವರು ಉಗುಳುವುದು ಕಲಿಯಿರಿ. ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ, ಅವಮಾನವೇನಲ್ಲ. ಗಾಡಿ ಓಡಿಸುವವರಿಗೆ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಗುವ ಮುಂಚೆ ನಿಲ್ಲಬೇಕು, ಇಲ್ಲಿ ಹೊಸದಾಗಿ ಲೈಸೆನ್ಸ್ ಪಾಸು ಮಾಡಿದವರಿಗೆ ಮಿತಿ 0.2. ಊರಿಗೆ ಒಯ್ಯುವವರು ಎರಡೇ ಬಾಟಲಿ ಇಟ್ಟುಕೊಳ್ಳಿ. ಸುಂಕವಿಲ್ಲದೆ ಬಿಡುವುದು ತಲೆಗೆ 2 ಲೀಟರ್, ಮೂರನೇ ಬಾಟಲಿಗೆ 2.25 ಆಗುತ್ತದೆ.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ರಸ್ತೆ ಬದಿ 'ವ್ಯಾಂ ನೂವೋ' ಅಂತ ಬೋರ್ಡು ಕಾಣಿಸುತ್ತದೆ. ಇನ್ನೂ ಹುದುಗುತ್ತಿರುವ ರಸ, ಮಬ್ಬು ಬಣ್ಣ. ನೀರಾ ಹೆಂಡವಾಗುವ ಹೊತ್ತಿನ ರುಚಿ, ವಾಲ್‌ನಟ್ ಜತೆ ಕುಡಿಯುತ್ತಾರೆ. ತಪ್ಪದೆ ಕುಡಿಯಿರಿ. ಒಂದೇ ಮಾತು, ಗ್ಯಾಸ್ ಹೊರಗೆ ಹೋಗಲಿ ಅಂತ ಅದರ ಮುಚ್ಚಳಕ್ಕೆ ತೂತು ಇಟ್ಟಿರುತ್ತಾರೆ. ನಾನು ಬಾಟಲಿಯನ್ನು ಕಾರಿನ ಹಿಂದಿನ ಸೀಟಿನ ಮೇಲೆ ಮಲಗಿಸಿ ತಂದೆ. ಡಿಸೆಂಬರ್‌ವರೆಗೂ ನಮ್ಮ ಕಾರು ಹೆಂಡದಂಗಡಿ ನಾರುತ್ತಿತ್ತು.