ಗ್ಲೈಡರ್ ಸ್ಪರ್ಧೆಯ ಅಂಕದ ಜಗಳ ಬಗೆಹರಿದದ್ದು ಹೀಗೆ

ಶಿರಸಿಯ ನಾವು ಕೆಲವರು ರೇಡಿಯೊ ಕಂಟ್ರೋಲ್ ಗ್ಲೈಡರ್, ಅಂದರೆ ಎಂಜಿನ್ ಬಲವಿಲ್ಲದೆ ತೇಲುವ ಪುಟ್ಟ ವಿಮಾನ ಹಾರಿಸುತ್ತೇವೆ. ಬಂಜಿ ಅನ್ನುವ ಎಳೆದರೆ ಹಿಗ್ಗುವ ಹಗ್ಗದಿಂದ ಮೇಲೆ ಬಿಟ್ಟು, ಮೇಲೇಳುವ ಬಿಸಿಗಾಳಿ ಹಿಡಿದು, ಮೂರು ಗುರುತು ಸುತ್ತಿ ಬರಬೇಕು. ಇದೇ ಸ್ಪರ್ಧೆ.

ಕುಮಟಾ ಕಡೆಯ ಬಯಲಿನಲ್ಲಿ ಮಧ್ಯಾಹ್ನವಾದರೆ ಸಾಕು, ಎಲ್ಲರ ಗ್ಲೈಡರೂ ನೆಲಕ್ಕೆ. ಬೆಳಿಗ್ಗೆ ಹಾರಿಸಿದವರಿಗೆ ಲಾಭ, ಕೊನೆಯವರಿಗೆ ಅನ್ಯಾಯ. ಜಗಳ ಆಗದೇ ಇರುತ್ತದಾ?

ಕಾರಣ ಕಡಲಗಾಳಿ. ನೆಲ ಕಾದಂತೆ ಸಮುದ್ರದ ತಂಪು ಗಾಳಿ ಒಳಗೆ ನುಗ್ಗುತ್ತದೆ, ಅದು ಬಂದ ಮೇಲೆ ಬಿಸಿಗಾಳಿ ಏಳುವುದೇ ಇಲ್ಲ. ಅಷ್ಟು ಹೊತ್ತು ಪೀಂ ಪೀಂ ಅನ್ನುತ್ತಿದ್ದ ವೇರಿಯೋಮೀಟರ್ (ಗ್ಲೈಡರ್ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಸದ್ದಿನಲ್ಲಿ ಹೇಳುವ ಸಾಧನ) ಒಂದೇ ಸಮನೆ ಗೊಂಯ್ ಅಂದರೆ ಮುಗಿಯಿತು.

ಹಾಗಾಗಿ ಜಾಗವನ್ನೇ ಘಟ್ಟದ ಮೇಲೆ, ಮುಂಡಗೋಡ ಕಡೆ ಕೊಯ್ಲಾದ ಗದ್ದೆಗೆ ಬದಲಾಯಿಸಿದೆವು. ಗದ್ದೆಯವರ ಒಪ್ಪಿಗೆ ಬೇಕು. ಡ್ರೋನ್ ಹಾರಾಟಕ್ಕೆಂದು ಸರ್ಕಾರ ಮಾಡಿದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ವಲಯವೇ (ಹಾರಿಸಲು ಮುಂಚಿತ ಅನುಮತಿ ಬೇಡದ ಜಾಗ) ಅಂತ ಮೊದಲೇ ನೋಡಿ, 120 ಮೀಟರ್ ದಾಟಬೇಡಿ.

ಆದರೆ ನಿಜವಾಗಿ ಜಗಳ ನಿಲ್ಲಿಸಿದ್ದು ಅಂಕ ಕೊಡುವ ರೀತಿ. ಒಬ್ಬೊಬ್ಬರಾಗಿ ಹಾರಿಸುವುದನ್ನು ಬಿಟ್ಟು ನಾಲ್ಕು ಜನರನ್ನು ಒಟ್ಟಿಗೆ ಬಿಟ್ಟೆವು, 30 ನಿಮಿಷ, ಆ ಗುಂಪಿನಲ್ಲಿ ಜಾಸ್ತಿ ಸುತ್ತು ಹಾಕಿದವರಿಗೆ 1000 ಅಂಕ, ಉಳಿದವರಿಗೆ ಅದರ ಪ್ರಮಾಣದಲ್ಲಿ. ಅವರು 10 ಸುತ್ತು, ನೀವು 8 ಆದರೆ ನಿಮಗೆ 800. ಗಾಳಿ ಕೆಟ್ಟರೆ ಗುಂಪಿಗೆಲ್ಲಾ ಒಟ್ಟಿಗೆ ಕೆಟ್ಟಿತು, ಅಲ್ವಾ?

ಗುರುತು ಸುತ್ತಿದ್ದಕ್ಕೆ ಕಣ್ಣಂದಾಜು ಸಾಲದು. ಗ್ಲೈಡರಿನೊಳಗೆ ಸಣ್ಣ ಜಿಪಿಎಸ್ ಇಡಿ, ಇಳಿದ ಕೂಡಲೇ ಅದರ ದಾಖಲೆಯನ್ನು ಎಲ್ಲರೆದುರೇ ಲ್ಯಾಪ್‌ಟಾಪಿನಲ್ಲಿ ತೆರೆಯಿರಿ.