ವಾರಕ್ಕೆ ಎರಡೇ ಜೋರು ದಿನ: ಗದಗಿನ ನನ್ನ ಹುಡುಗರ ವೇಳಾಪಟ್ಟಿ

ಗದಗ, ಬಾಗಲಕೋಟೆ, ವಿಜಯಪುರದ ಕಡೆ ಸೈಕಲ್ ತುಳಿದು ಬೆಳೆದವರಿಗೆ ಕಿಲೋಮೀಟರಿನ ಲೆಕ್ಕವೇ ತರಬೇತಿಯ ಲೆಕ್ಕ. ಹಾಗಾಗಿ ನನ್ನ ಜೂನಿಯರ್ ಹುಡುಗರ ವಾರದ ತುಳಿತವನ್ನು ಐನೂರರಿಂದ ಸುಮಾರು ಮುನ್ನೂರು ಕಿಲೋಮೀಟರಿಗೆ ಇಳಿಸಿ, ಮಂಗಳವಾರ ಮತ್ತು ಶುಕ್ರವಾರ ಮಾತ್ರ ಜೋರು ಕೆಲಸ ಇಟ್ಟಾಗ, ಹುಡುಗರನ್ನು ಕೆಡಿಸುತ್ತಿದ್ದೀರಿ ಎಂದು ಮುಖಕ್ಕೇ ಹೇಳಿದವರಿದ್ದರು. ಗಡಿಯಾರದ ವಿರುದ್ಧ ಒಬ್ಬೊಬ್ಬರೇ ತುಳಿಯುವ ಇಪ್ಪತ್ತು ಕಿಲೋಮೀಟರ್ ಟೈಮ್ ಟ್ರಯಲ್‌ನಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲೇ ನಿಂತುಹೋಗಿದ್ದ ಅದೇ ಹುಡುಗರು ಎರಡು ಹಂಗಾಮು ಕಳೆಯುವಷ್ಟರಲ್ಲಿ ಇಪ್ಪತ್ತೆಂಟೂವರೆ ನಿಮಿಷದೊಳಗೆ ಬಂದರು. ಆಗ ಆಕ್ಷೇಪಿಸಿದವರಲ್ಲಿ ಇಬ್ಬರು ಈಗ ನನ್ನ ವೇಳಾಪಟ್ಟಿಯನ್ನೇ ಬರೆದುಕೊಂಡು ಹೋಗಿದ್ದಾರೆ.

ಹಳೆಯ ಪದ್ಧತಿಯಲ್ಲಿ ದಿನವೂ ಎಲ್ಲರೂ ಗುಂಪಾಗಿ ಮುಂಡರಗಿ ರಸ್ತೆ ಹಿಡಿಯುತ್ತಿದ್ದರು. ಬಲವಾದ ಹುಡುಗನಿಗೆ ಹಗುರವೆನಿಸುವ ವೇಗದಲ್ಲಿ ಹಿಂದಿನವನ ನಾಡಿ ನೂರೆಪ್ಪತ್ತೈದು ದಾಟುತ್ತಿತ್ತು. ಹೆಸರಿಗೆ ವಿಶ್ರಾಂತಿಯ ದಿನವಾದರೂ ಗುಂಪಿನ ಅರ್ಧದಷ್ಟು ಮಂದಿಗೆ ಅದು ರೇಸೇ ಆಗಿರುತ್ತಿತ್ತು, ಮತ್ತು ಮರುದಿನ ನಿಜವಾಗಿ ಜೋರು ತುಳಿಯಬೇಕಾದಾಗ ಅವರ ಕಾಲಿನಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಈಗ ಬುಧವಾರ ಮತ್ತು ಶನಿವಾರದ ಹಗುರ ತುಳಿತಕ್ಕೆ ಒಬ್ಬೊಬ್ಬರನ್ನೇ ಐದು ನಿಮಿಷದ ಅಂತರದಲ್ಲಿ, ಬಲವಾದವನನ್ನು ಮೊದಲು ಕಳಿಸುತ್ತೇನೆ. ಮುಂದಿನವನು ಕಣ್ಣಿಗೆ ಬೀಳದಿದ್ದರೆ ಬೆನ್ನಟ್ಟುವ ಆಸೆಯೂ ಹುಟ್ಟುವುದಿಲ್ಲ. ನಾಡಿ ನೂರಾ ನಲವತ್ತು ದಾಟಬಾರದು, ಒಂದು ಗಂಟೆಗಿಂತ ಹೆಚ್ಚು ತುಳಿಯಬಾರದು ಎಂಬುದಷ್ಟೇ ಆ ದಿನದ ನಿಯಮ.

ಅಳತೆಯ ಸಾಧನಗಳಿಗೆ ಹಣ ಸಾಕಷ್ಟು ಹೋಯಿತು. ಪಾಲಕರೆಲ್ಲ ಸೇರಿ ನಲವತ್ತೈದು ಸಾವಿರದ ಹತ್ತಿರ ಹಾಕಿ, ತುಳಿತದ ಬಲವನ್ನು ಅಳೆಯುವ ಒಂದು ಪವರ್ ಮೀಟರ್ ತರಿಸಿದೆವು. ಅದನ್ನು ಒಂದು ಸೈಕಲ್ಲಿನಿಂದ ಬಿಚ್ಚಿ ಇನ್ನೊಂದಕ್ಕೆ ಕೂರಿಸುವುದರಲ್ಲೇ ಬೆಳಗು ಕಳೆಯುತ್ತಿತ್ತು, ಮತ್ತು ಅದು ಹೇಳುವ ಸಂಖ್ಯೆ ಆ ಹೊತ್ತಿಗೆ ಒಬ್ಬನಿಗೆ ಮಾತ್ರ ಸಿಗುತ್ತಿತ್ತು. ಕೊನೆಗೆ ಅರ್ಧ ಬೆಲೆಗೆ ಮಾರಿ, ನಾಡಿ ಅಳೆಯುವ, ತಲಾ ಮೂರು ಸಾವಿರದ ಆಸುಪಾಸಿನ ಎದೆಪಟ್ಟಿಗಳನ್ನು ಎಲ್ಲರಿಗೂ ಕೊಡಿಸಿದೆವು. ಆರು ವಾರಕ್ಕೊಮ್ಮೆ ಇಪ್ಪತ್ತು ನಿಮಿಷದ ಪರೀಕ್ಷೆ ಮಾಡಿ ನಾಡಿಯ ಮಿತಿಗಳನ್ನು ತಿದ್ದುತ್ತೇವೆ. ನಮ್ಮ ಮಟ್ಟಕ್ಕೆ ಅಷ್ಟು ಸಾಕು.

ವೇಗವನ್ನು ನೋಡಿ ತರಬೇತಿ ಕೊಡುವುದು ನಮ್ಮ ಬಯಲುಸೀಮೆಯಲ್ಲಿ ಆಗದ ಮಾತು. ಆಷಾಢದ ಗಾಳಿಯಲ್ಲಿ ಅಣ್ಣಿಗೇರಿಯ ಕಡೆಗೆ ಎದುರಾಗಿ ತುಳಿದರೆ ಗಂಟೆಗೆ ಇಪ್ಪತ್ತಾರು ಕಿಲೋಮೀಟರ್ ದಾಟುವುದೇ ಕಷ್ಟ, ಅದೇ ಶ್ರಮದಲ್ಲಿ ಗದಗಿಗೆ ಮರಳುವಾಗ ನಲವತ್ತೈದು ಬರುತ್ತದೆ. ಆದ್ದರಿಂದ ಮಂಗಳವಾರದ ಎಂಟೆಂಟು ನಿಮಿಷದ ನಾಲ್ಕು ಸುತ್ತುಗಳನ್ನು ನಿಮಿಷ ಮತ್ತು ನಾಡಿಯ ಲೆಕ್ಕದಲ್ಲೇ, ಗಾಳಿಗೆ ಎದುರಾಗಿ ಮಾಡಿಸುತ್ತೇನೆ. ಏರು ಕಡಿಮೆಯಿರುವ ಊರಿನವರಿಗೆ ಆ ಗಾಳಿಯೇ ಗುಡ್ಡ. ಶುಕ್ರವಾರ ಮಾತ್ರ ಡಂಬಳದ ಆಚೆ ಕಪ್ಪತಗುಡ್ಡದ ಏರಿನಲ್ಲಿ ಐದೈದು ನಿಮಿಷದ ಐದು ಸುತ್ತು ಇರುತ್ತದೆ. ಗುರುವಾರ ಹತ್ತು ಸೆಕೆಂಡಿನ ಕೆಲವು ಸ್ಪ್ರಿಂಟ್, ಭಾನುವಾರ ಶಿರಹಟ್ಟಿಯ ಮೇಲೆ ಲಕ್ಷ್ಮೇಶ್ವರದ ಕಡೆ ನೂರು ಕಿಲೋಮೀಟರಿನ ಗುಂಪು ಸವಾರಿ, ಸೋಮವಾರ ಸೈಕಲ್ ಮುಟ್ಟುವಂತಿಲ್ಲ. ನಾಲ್ಕನೆಯ ವಾರ ಎಲ್ಲವೂ ಅರ್ಧ.

ಪೆಡಲಿನ ಒಂದು ಸುತ್ತಿಗೆ ಸೈಕಲ್ 7.93 ಮೀಟರಿಗಿಂತ ಹೆಚ್ಚು ಸಾಗಬಾರದೆಂದು ಜೂನಿಯರ್‌ಗಳಿಗಿದ್ದ ಗೇರ್ ಮಿತಿಯನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2023ರಲ್ಲಿ ತೆಗೆದ ಮೇಲೆ ಹಲವರು ದೊಡ್ಡ ಗೇರಿಗೆ ಹಾರಿದರು. ನಾನು ವಾರದ ಹಗುರ ದಿನಗಳಲ್ಲಿ ಇಂದಿಗೂ ಮುಂದೆ 39, ಹಿಂದೆ 17 ಹಲ್ಲಿನ ಗೇರಿಗಿಂತ ದೊಡ್ಡದಕ್ಕೆ ಬಿಡುವುದಿಲ್ಲ, ನನ್ನ ಹುಡುಗರಲ್ಲಿ ಮಂಡಿನೋವಿನ ದೂರೂ ಇಲ್ಲ.

ಜೋರು ದಿನವನ್ನು ರದ್ದು ಮಾಡುವ ಅಧಿಕಾರ ಬೆಳಗಿನ ನಾಡಿಗೆ ಇದೆ: ಹಾಸಿಗೆಯಲ್ಲೇ ಎಣಿಸಿದಾಗ ವಾಡಿಕೆಗಿಂತ ಏಳೆಂಟು ಹೆಚ್ಚಿದ್ದರೆ ಅಂದು ಹಗುರ ತುಳಿತ. ತಂಡದಿಂದ ಹಿಂದುಳಿಯುತ್ತೇವೆ ಎಂಬ ಭಯದಿಂದ ಹುಡುಗರು ಮೊದಮೊದಲು ಸುಳ್ಳು ಅಂಕಿ ಬರೆಯುತ್ತಿದ್ದರು. ಈಗ ಅವರ ಅವ್ವಂದಿರೇ ಗಡಿಯಾರ ಹಿಡಿದು, ಮಗನ ಮಣಿಕಟ್ಟು ಒತ್ತಿ ಎಣಿಸಿ ವಹಿಯಲ್ಲಿ ಬರೆಯುತ್ತಾರೆ. ಅಂದಿನಿಂದ ಅಂಕಿಗಳನ್ನು ನಂಬಬಹುದಾಗಿದೆ.

ನಡುವೆ ಪಾನೀಯದ ಪ್ರಯೋಗವೂ ಆಯಿತು. ಪ್ಯಾಕೆಟ್ ಪುಡಿಗೆ ತಿಂಗಳಿಗೆ ನಾಲ್ಕು ಸಾವಿರ ಹೋಗುವುದನ್ನು ತಪ್ಪಿಸಲು ಬೆಲ್ಲ, ಲಿಂಬೆ, ಉಪ್ಪಿನ ನೀರು ಕೊಟ್ಟೆ. ಏಪ್ರಿಲ್ ಬಿಸಿಲಿನಲ್ಲಿ ಬೆಲ್ಲದ ಬಾಟಲಿ ಎರಡು ತಾಸಿಗೇ ಹುಳಿಬಿದ್ದು, ಮುಚ್ಚಳ ತೆಗೆದರೆ ನೊರೆ ಬರುತ್ತಿತ್ತು. ಈಗ ಮೊದಲ ಬಾಟಲಿಗೆ ಮಾತ್ರ ಬೆಲ್ಲ, ಎರಡನೆಯದಕ್ಕೆ ಸಕ್ಕರೆ.

ಸ್ಪರ್ಧೆಗೆ ಮುಂಚಿನ ಹತ್ತು ದಿನ ಈ ಪಟ್ಟಿಯನ್ನು ಹೇಗೆ ತಿರುಗಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಗುಂಪಿನ ಸ್ವತ್ತು. ದೂರ ಇಳಿದದ್ದರಿಂದ ಹಿಂದಿನ ಚಕ್ರದ ಎರಡೂವರೆ ಸಾವಿರ ರೂಪಾಯಿಯ ಟೈರ್ ಮೊದಲಿಗಿಂತ ಒಂದೂವರೆ ಪಟ್ಟು ಕಾಲ ಬಾಳುತ್ತಿದೆ, ಎರೆಮಣ್ಣಿನ ಕೆಸರಿಗೆ ಸವೆಯುವ ಚೈನ್‌ಗಳೂ ಕಡಿಮೆಯಾಗಿವೆ. ಹಾಗೆ ಉಳಿದ ಹಣದಲ್ಲಿ ಹುಡುಗರಿಗೆ ಮೊಟ್ಟೆ ಮತ್ತು ಶೇಂಗಾ ಉಂಡಿಯ ಖರ್ಚು ಸಾಗುತ್ತಿದೆ.