ಲಕ್ಕಿ ಸೊಪ್ಪಿನ ಗುಣ ಅಳೆಯುವುದು ಹೇಗೆ?

ಬಾಣಂತಿಯ ಸ್ನಾನದ ಹಂಡೆಗೆ ಲಕ್ಕಿ ಸೊಪ್ಪು, ಮಂಡಿ ಊದಿದರೆ ಬಾಡಿಸಿದ ಲಕ್ಕಿ ಎಲೆಯ ಶಾಖ, ಸಂಜೆ ಸೊಳ್ಳೆಗೆ ಅದರದ್ದೇ ಹೊಗೆ. ಕೆಲವು ಕಡೆ ನೆಕ್ಕಿ ಎನ್ನುತ್ತಾರೆ, ಸಂಸ್ಕೃತದಲ್ಲಿ ನಿರ್ಗುಂಡಿ, ಸಸ್ಯಶಾಸ್ತ್ರದಲ್ಲಿ ವೈಟೆಕ್ಸ್ ನೆಗುಂಡೊ. ಊತ ಇಳಿಸುತ್ತದೆ ಎಂಬ ಅಜ್ಜಿಯರ ಮಾತಿನ ಮೇಲೆ ನನಗೆ ಗೌರವವಿದೆ. ಅದಕ್ಕೇ ಅದನ್ನು ಅಳೆದು ನೋಡಬೇಕು ಅನ್ನುತ್ತೇನೆ. ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ, ಅಧ್ಯಾಪಕರ ಸಮ್ಮುಖದಲ್ಲಿ ಇದನ್ನು ಮಾಡಬಹುದು.

ಮೊದಲು ಗಿಡ ಸರಿಯಾಗಿ ಗುರುತಿಸಿ. ಹಳ್ಳದ ದಂಡೆ, ಹೊಲದ ಬೇಲಿಯಲ್ಲಿ ಸಿಗುತ್ತದೆ. ಒಂದು ತೊಟ್ಟಿಗೆ ಸಾಮಾನ್ಯವಾಗಿ ಐದು ಎಲೆ, ಅಡಿಭಾಗ ಬೂದಿ ಬಳಿದಂತೆ ಬಿಳಿ, ಹೂವು ನೀಲಿ-ನೇರಳೆ. ಒಮ್ಮೊಮ್ಮೆ ಮೂರೇ ಎಲೆ ಇರುವುದೂ ಉಂಟು, ಇದೇ ಕುಲದಲ್ಲಿ ಮೂರೆಲೆಯ ಬೇರೆ ಗಿಡವೂ ಇದೆ. ಆದ್ದರಿಂದ ಹೂವಿರುವ ಟೊಂಗೆಯನ್ನೇ ಒತ್ತಿ ಒಣಗಿಸಿ, ಸಸ್ಯಶಾಸ್ತ್ರ ವಿಭಾಗದಲ್ಲಿ ತೋರಿಸಿ, ಮಾದರಿಯನ್ನು ಅಲ್ಲೇ ಇಡಿಸಿ. ಗಿಡವೇ ತಪ್ಪಾದರೆ ಮುಂದಿನ ಅಂಕಿಗಳಿಗೆಲ್ಲ ಬೆಲೆಯಿಲ್ಲ.

ಸೊಪ್ಪು ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಘಮವೂ ಹೋಗುತ್ತದೆ, ಬೆಳಕಿಗೆ ಕೆಡುವ ಅಂಶಗಳೂ ಹೋಗುತ್ತವೆ. ಮುರಿದರೆ ಪಟ್ಟೆನ್ನುವಂತಾದ ಮೇಲೆ ಪುಡಿ ಮಾಡಿ ಜರಡಿ ಹಿಡಿಯಿರಿ. 50 ಗ್ರಾಂ ಪುಡಿಯನ್ನು 500 ಮಿಲಿ ಶೇ 70ರ ಎಥನಾಲಿನಲ್ಲಿ ಮೂರು ದಿನ ನೆನೆಹಾಕಿ, ಆಗಾಗ ಅಲುಗಾಡಿಸಿ, ಸೋಸುಕಾಗದದಲ್ಲಿ ಸೋಸಿ. ಕಡಿಮೆ ಒತ್ತಡದಲ್ಲಿ ಆವಿ ಮಾಡುವ ಯಂತ್ರವಾದ ರೋಟರಿ ಇವಾಪೊರೇಟರ್‌ನಲ್ಲಿ ಸುಮಾರು 40 ಡಿಗ್ರಿಯಲ್ಲಿ ದ್ರಾವಕ ಇಂಗಿಸಿದರೆ ಕಡುಹಸಿರು ಅಂಟು ಉಳಿಯುತ್ತದೆ. ಅದೇ ಸಾರ. ತೂಗಿ, ಬರೆದಿಟ್ಟು, ಫ್ರಿಜ್‌ನಲ್ಲಿಡಿ. ಕ್ಯಾಸ್ಟಿಸಿನ್, ಲ್ಯೂಟಿಯೋಲಿನ್‌ನಂಥ ಸಸ್ಯಜನ್ಯ ರಾಸಾಯನಿಕಗಳಾದ ಫ್ಲೇವನಾಯ್ಡ್‌ಗಳು ಈ ಎಲೆಯಲ್ಲಿರುವುದು ಈಗಾಗಲೇ ಗೊತ್ತಿರುವ ಸಂಗತಿ.

ಈಗ ಆಂಟಿಆಕ್ಸಿಡೆಂಟ್ ಪರೀಕ್ಷೆ, ಅಂದರೆ ಜೀವಕೋಶಗಳಿಗೆ ಹಾನಿ ಮಾಡುವಂಥ ಚುರುಕು ಅಣುಗಳನ್ನು ಸಾರ ತಣಿಸಬಲ್ಲದೇ ಎಂದು ನೋಡುವುದು. ಡಿಪಿಪಿಎಚ್ ಎಂಬ ರಾಸಾಯನಿಕದ ಬಣ್ಣ ಕಡುನೇರಳೆ, ಅದರ ಅಣುವಿನಲ್ಲಿ ಜೋಡಿಯಿಲ್ಲದ ಒಂದು ಇಲೆಕ್ಟ್ರಾನ್ ಇದೆ. ಸಾರ ಅದಕ್ಕೆ ಹೈಡ್ರೋಜನ್ ಅಥವಾ ಇಲೆಕ್ಟ್ರಾನ್ ಒದಗಿಸಿದರೆ ನೇರಳೆ ಕಳೆದು ಹಳದಿಯಾಗುತ್ತದೆ. 1958ರಲ್ಲಿ ಬ್ಲಾಯ್ಸ್ ಪ್ರಕಟಿಸಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. 100 ಮಿಲಿ ಮೆಥನಾಲಿಗೆ ಸುಮಾರು 4 ಮಿಗ್ರಾಂ ಡಿಪಿಪಿಎಚ್ ಸಾಕು. ಮೆಥನಾಲ್ ವಿಷ, ಬಾಯಲ್ಲಿ ಪಿಪೆಟ್ ಎಳೆಯಲೇಬೇಡಿ. ಸಾರದ ಐದಾರು ಬೇರೆಬೇರೆ ಪ್ರಮಾಣಗಳಿಗೆ ಈ ದ್ರಾವಣ ಬೆರೆಸಿ, 30 ನಿಮಿಷ ಕತ್ತಲಲ್ಲಿಟ್ಟು, ಸ್ಪೆಕ್ಟ್ರೋಫೋಟೋಮೀಟರ್ ಯಂತ್ರದಲ್ಲಿ 517 ನ್ಯಾನೋಮೀಟರ್ ತರಂಗಾಂತರದ ಬೆಳಕು ಹಾಯಿಸಿ ಬಣ್ಣದ ಗಾಢತೆ ಅಳೆಯಿರಿ. ಪಕ್ಕದಲ್ಲೇ ಹೋಲಿಕೆಗೆ ವಿಟಮಿನ್ ಸಿ ಇಡಿ.

ವಿದ್ಯಾರ್ಥಿಗಳು ಸುಲಭವಾಗಿ ಎಡವುವ ಜಾಗ ಇದೇ. ಎಲೆಸಾರಕ್ಕೆ ತನ್ನದೇ ಬಣ್ಣವಿದೆ, ಅದೂ ಯಂತ್ರದ ಲೆಕ್ಕಕ್ಕೆ ಸೇರಿಬಿಡುತ್ತದೆ. ಬರೀ ಡಿಪಿಪಿಎಚ್ 0.90 ತೋರಿಸಿತು, ಸಾರ ಸೇರಿದ್ದು 0.45 ಎಂದುಕೊಳ್ಳಿ. ಅರ್ಧಕ್ಕರ್ಧ ಇಳಿಯಿತು, ಶೇ 50 ಎಂದು ಬರೆದುಬಿಡುತ್ತೀರಿ. ಅಷ್ಟೇ ಸಾರವನ್ನು ಬರೀ ಮೆಥನಾಲಿನಲ್ಲಿ ಅಳೆದಾಗ 0.15 ಬಂದರೆ? ಅದನ್ನು ಕಳೆಯಬೇಕು. ಆಗ ನಿಜವಾದ ಅಂಕಿ 0.30, ಫಲಿತಾಂಶ ಶೇ 67. ಪ್ರತಿ ಪ್ರಮಾಣಕ್ಕೂ ಬೇರೆಯಾಗಿ ಹೀಗೆ ಅಳೆಯಬೇಕು, ಪ್ರತಿಯೊಂದನ್ನೂ ಮೂರು ಸಲ. ನೇರಳೆಯನ್ನು ಅರ್ಧಕ್ಕಿಳಿಸಲು ಬೇಕಾದ ಪ್ರಮಾಣವೇ ಐಸಿ50, ಅದು ಕಡಿಮೆಯಿದ್ದಷ್ಟೂ ಸಾರ ಬಲಶಾಲಿ.

ಉರಿಯೂತದ ಪರೀಕ್ಷೆಗೆ ಕೋಳಿಮೊಟ್ಟೆಯ ಬಿಳಿಭಾಗ ಸಾಕು. ಬೇಯಿಸಿದಾಗ ಅದು ಬೆಳ್ಳಗಾಗುವುದು ಪ್ರೊಟೀನ್ ರೂಪ ಕೆಡುವುದರಿಂದ. ಊತವಿದ್ದಲ್ಲೂ ಪ್ರೊಟೀನ್ ಹೀಗೆ ಕೆಡಬಹುದೆಂಬ ತರ್ಕದ ಮೇಲೆ ಈ ಪರೀಕ್ಷೆ ನಿಂತಿದೆ. 0.2 ಮಿಲಿ ಬಿಳಿಭಾಗ, 6.4 ಪಿಎಚ್‌ನ 2.8 ಮಿಲಿ ಫಾಸ್ಫೇಟ್ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ), 2 ಮಿಲಿ ಸಾರದ ದ್ರಾವಣ. 37 ಡಿಗ್ರಿಯಲ್ಲಿ 15 ನಿಮಿಷ, 70 ಡಿಗ್ರಿಯಲ್ಲಿ 5 ನಿಮಿಷ ಇಟ್ಟು, ಆರಿದ ಮೇಲೆ 660 ನ್ಯಾನೋಮೀಟರ್‌ನಲ್ಲಿ ಮಸುಕು ಅಳೆಯಿರಿ. ಹೋಲಿಕೆಗೆ ನೋವು-ಊತದ ಔಷಧಿ ಡೈಕ್ಲೊಫೆನಾಕ್. ಇಲ್ಲೂ ಸಾರದ ಬಣ್ಣ ಕಳೆಯುವುದು ಮರೆಯಬೇಡಿ. ಎಲೆಯ ಒಗರು ಅಂಶ, ಅಂದರೆ ಟ್ಯಾನಿನ್, ತಾನೇ ಪ್ರೊಟೀನನ್ನು ಹೆಪ್ಪುಗಟ್ಟಿಸಬಲ್ಲದು. ಬಿಸಿ ಮಾಡುವ ಮೊದಲೇ ನಳಿಕೆ ಮಸುಕಾದರೆ ಅದನ್ನು ಬರೆದುಕೊಳ್ಳಿ.

ನಳಿಕೆಯಲ್ಲಿ ಸಿಕ್ಕ ಫಲಿತಾಂಶ ದೇಹದೊಳಗೂ ಸಿಗುತ್ತದೆಂದು ಹೇಳಲಾಗದು. ಮುಂದಿನ ಮೆಟ್ಟಿಲು ಇಲಿಯ ಪಾದಕ್ಕೆ ಊತ ತರಿಸುವ ಕ್ಯಾರಜೀನನ್ ಎಂಬ ವಸ್ತು ಚುಚ್ಚಿ ಊತ ಅಳೆಯುವ, 1962ರಿಂದ ಬಳಕೆಯಲ್ಲಿರುವ ವಿಧಾನ. ಅದಕ್ಕೆ ಪ್ರಾಣಿ ನೈತಿಕ ಸಮಿತಿಯ ಅನುಮತಿ ಕಡ್ಡಾಯ, ಕಾಲೇಜಿನ ಮಟ್ಟದಲ್ಲಿ ಕೈಹಾಕುವುದು ಬೇಡ. ನಿಮ್ಮ ವರದಿಯಲ್ಲಿ ‘ಲಕ್ಕಿ ಊತ ವಾಸಿ ಮಾಡುತ್ತದೆ’ ಎಂದು ಬರೆಯದೆ, ‘ಇಷ್ಟು ಪ್ರಮಾಣದಲ್ಲಿ ಪ್ರೊಟೀನ್ ಕೆಡುವುದನ್ನು ಶೇ ಇಷ್ಟು ತಡೆಯಿತು, ಡೈಕ್ಲೊಫೆನಾಕ್ ಇಷ್ಟು’ ಎಂದು ಬರೆಯಿರಿ. ಪ್ರಯೋಗಕ್ಕೆ ತೆಗೆದ ಸಾರವನ್ನು ಯಾರೂ ಕುಡಿಯಬಾರದು, ಹಚ್ಚಿಕೊಳ್ಳಲೂ ಬಾರದು. ಬಾಟಲಿಯ ಮೇಲೆ ಗಿಡದ ಹೆಸರು, ದ್ರಾವಕ, ದಿನಾಂಕದ ಜೊತೆ ಆ ಎಚ್ಚರಿಕೆಯನ್ನೂ ಬರೆದು ಅಂಟಿಸಿ.